ಕೂಸು ನನ್ನಿಂದಲೇ ಹೋಯಿತೋ?

ಕಳೆದ ಕಾಫಿ ಕೊಯ್ಲಿನ ಕಾಲದಲ್ಲಿ ಸಿದ್ದಾಪುರದ ಕಡೆಯ ಒಂದು ತೋಟದ ಲೈನು ಮನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಹೆಸರನ್ನು ಇಲ್ಲಿ ಬರೆಯುವದಿಲ್ಲ. ಅವಳಿಗೆ ಆರನೆಯ ತಿಂಗಳು ನಡೆಯುತ್ತಿರುವಾಗ ಒಂದು ಸಾಯಂಕಾಲ ಮೈ ನಡುಗಿ ಜ್ವರ ಬಂತು. ಬೆನ್ನಿನ ಒಂದು ಮಗ್ಗುಲು ನೋಯತೊಡಗಿತು. ಬೆಳಗಿನ ಮಂಜಿಗೆ ನೆಗಡಿಯಾಗಿರಬಹುದೆಂದು ಮನೆಯವರು ತಿಳಿದರು. ಅತ್ತೆಯು ಸೊಸೆಯ ಮೇಲಣ ಪ್ರೀತಿಯಿಂದಲೇ ಶುಂಠಿಯನ್ನೂ ಒಳ್ಳೆಮೆಣಸನ್ನೂ ಜಜ್ಜಿ ಕಷಾಯ ಮಾಡಿ ಕುಡಿಸಿದಳು. ಮೂರು ದಿವಸ ಹೀಗೆ ಕಳೆದವು. ನಾಲ್ಕನೆಯ ದಿವಸ ಹೊಟ್ಟೆನೋವು ಕಾಣಿಸಿಕೊಳ್ಳಲು ಅವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕೊಂಡುಹೋದರು. ತಾಯಿ ಬದುಕಿದಳು, ಕೂಸು ಬದುಕಲಿಲ್ಲ.

ಬ್ಯಾಕ್ಟೀರಿಯವೆಂಬ ಸೂಕ್ಷ್ಮಾಣುಗಳು ಮೂತ್ರದ ದಾರಿಯಿಂದ ಮೇಲಕ್ಕೆ ಹತ್ತಿ ಮೂತ್ರಪಿಂಡವನ್ನು ಹಿಡಿದವು, ಆ ಜ್ವರದ ದೆಸೆಯಿಂದಲೇ ಹೆರಿಗೆಯ ನೋವು ಕಾಲಕ್ಕೆ ಮುಂಚೆ ಬಂತು, ಎಂದು ಅಲ್ಲಿ ಅವಳಿಗೆ ತಿಳಿಸಿದರು. ಹೆಚ್ಚು ನೀರು ಕುಡಿಯಬೇಕಾಗಿತ್ತು, ಮೂತ್ರವನ್ನು ತಡೆಯಬಾರದಾಗಿತ್ತು ಎಂದೂ ಹೇಳಿದರು. ಈ ಮಾತು ಸುಳ್ಳಲ್ಲ. ಆದರೆ ಅವಳು ಮನೆಗೆ ಬಂದ ಮೇಲೆ ಹಗಲಿರುಳು ಆ ಮಾತನ್ನೇ ಎಣಿಸುತ್ತಾ ಕೂತಳು. ನಾನು ನೋಡಹೋದಾಗ, “ಟೀಚರಮ್ಮಾ, ನೀರು ಕುಡಿಯದೆ ಇದ್ದವಳು ನಾನು. ತಡಕೊಂಡು ಕೂತವಳೂ ನಾನು. ಹಾಗಾದರೆ ಕೂಸು ನನ್ನಿಂದಲೇ ಹೋಯಿತೋ?” ಎಂದು ಕೇಳಿದಳು.

ಇದಕ್ಕೆ ಎಂಟು ದಿವಸ ಮುಂಚೆ ನಾನು ಅವಳಿಗೆ, “ಎಲ್ಲಾ ದೇವರ ಚಿತ್ತವಮ್ಮಾ” ಎಂದು ಹೇಳಿ ಬಂದಿದ್ದೆನು. ಆ ಮಾತನ್ನು ಎರಡನೆಯ ಸಲ ಹೇಳುವದಕ್ಕೆ ನನಗೆ ಬಾಯಿ ಬರಲಿಲ್ಲ.

ಇಂಥಾ ಸಮಯದಲ್ಲಿ ನಮ್ಮ ಊರುಗಳಲ್ಲಿ ಎರಡು ಬಗೆಯ ಉತ್ತರಗಳು ಕೇಳಬರುತ್ತವೆ. ದೇವರ ಚಿತ್ತವೆಂಬದು ಒಂದು. ಇದನ್ನು ಎದುರಿನಲ್ಲಿ ಹೇಳುತ್ತಾರೆ. ಅವಳು ಜಾಗ್ರತೆ ಮಾಡಲಿಲ್ಲವೆಂಬದು ಇನ್ನೊಂದು. ಇದನ್ನು ನಲ್ಲಿಯ ಹತ್ತರ ಬಿಂದಿಗೆ ತುಂಬುವಾಗ ಹೇಳುತ್ತಾರೆ. ಪಪ್ಪಾಯಿ ತಿಂದಳಂತೆ, ಮುಸ್ಸಂಜೆಯಲ್ಲಿ ಹೊಳೆ ದಾಟಿದಳಂತೆ, ಯಾರದೋ ಕಣ್ಣು ತಗಲಿತಂತೆ. ಒಂದೇ ಬಾಯಿಯಿಂದ ಈ ಎರಡೂ ಉತ್ತರಗಳು ಬರುವದನ್ನು ನಾನು ಕೇಳಿದ್ದೇನೆ. ದೇವರ ಚಿತ್ತವಾದರೆ ಅವಳ ಮೇಲೆ ದೂರು ಯಾಕೆ? ಅವಳ ತಪ್ಪಾದರೆ ದೇವರ ಹೆಸರು ಯಾಕೆ? ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಹೀಗೆಯೇ, ಪಾಪ ಯಾರದು, ಇವನದೋ ತಂದೆತಾಯಿಗಳದೋ ಎಂದು ವಿಚಾರಿಸಿದರು. ಕರ್ತನು ಆ ಎರಡು ಹೆಸರುಗಳಲ್ಲಿ ಒಂದನ್ನೂ ಆರಿಸಿಕೊಳ್ಳದೆ ಮಣ್ಣು ಕಲಸುವ ಕೆಲಸಕ್ಕೆ ಕೈಹಾಕಿದನು.

ಮೊದಲು ಒಂದು ಸಂಗತಿಯನ್ನು ನೇರವಾಗಿ ಹೇಳಿಬಿಡುವದು ಒಳ್ಳೇದು. ಗರ್ಭ ಹೋಗುವದೆಲ್ಲಾ ಸೋಂಕಿನಿಂದಲ್ಲ. ಮೊದಲನೆಯ ಮೂರು ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣವೇನಂದರೆ, ಬೀಜ ಕೂಡುವಾಗಲೇ ವರ್ಣತಂತುಗಳ ಲೆಕ್ಕದಲ್ಲಿ ಆಗುವ ಹೆಚ್ಚುಕಡಿಮೆ. ಅದನ್ನು ತಾಯಿ ತಿಂದ ಅನ್ನವಾಗಲಿ, ಎತ್ತಿದ ಭಾರವಾಗಲಿ, ನಡೆದ ದಾರಿಯಾಗಲಿ ಉಂಟುಮಾಡುವದಿಲ್ಲ; ಯಾವ ಜಾಗ್ರತೆಯೂ ಅದನ್ನು ತಡೆಯಲಾರದು. ಆದದರಿಂದ ನಲ್ಲಿಯ ಹತ್ತರ ಬೆರಳು ತೋರಿಸುವವರು ಬಹಳ ಸಾರಿ ಏನೂ ಇಲ್ಲದ ಕಡೆಗೆ ತೋರಿಸುತ್ತಾರೆ. ಆದರೂ ಸೋಂಕಿನಿಂದ ಹೋಗುವ ಕೂಸುಗಳೂ ಉಂಟು. ಅವುಗಳಲ್ಲಿ ಅನೇಕವನ್ನು ಉಳಿಸಬಹುದಾಗಿತ್ತೆಂಬದೂ ನಿಜ. ನಮ್ಮ ಪ್ರಶ್ನೆ ಭಾರವಾಗುವದು ಇಲ್ಲಿಯೇ.

ಆ ಹೆಣ್ಣುಮಗಳಿಗೆ ಆದದ್ದನ್ನು ಸ್ವಲ್ಪ ವಿವರಿಸುತ್ತೇನೆ. ಗರ್ಭ ಬೆಳೆಯುವಾಗ ಅದು ಮೂತ್ರನಾಳಗಳನ್ನು ಒತ್ತುತ್ತದೆ. ಗರ್ಭಕಾಲದಲ್ಲಿ ಆ ನಾಳಗಳು ಸಡಿಲವಾಗುವದೂ ಉಂಟು. ಹೀಗಿರಲಾಗಿ ಮೂತ್ರವು ಹರಿದು ಹೋಗದೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೂಕ್ಷ್ಮಾಣು ಬೆಳೆಯುವದೆಂಬದನ್ನು ಗದ್ದೆಯವರಿಗೆ ಹೇಳಿಕೊಡಬೇಕಾಗಿಲ್ಲ. 100 ಗರ್ಭಿಣಿಯರನ್ನು ಪರೀಕ್ಷಿಸಿದರೆ 2ರಿಂದ 10 ಮಂದಿಯ ಮೂತ್ರದಲ್ಲಿ ಇಂಥಾ ಸೂಕ್ಷ್ಮಾಣುಗಳು ಸಿಕ್ಕುತ್ತವೆ. ಆಶ್ಚರ್ಯವೇನಂದರೆ, ಅವರಿಗೆ ಆಗ ಉರಿ ಇಲ್ಲ, ಜ್ವರ ಇಲ್ಲ, ನೋವೂ ಇಲ್ಲ. ಔಷಧ ಕೊಡದೆ ಬಿಟ್ಟರೆ ಅವರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಮೂತ್ರಪಿಂಡದ ಸೋಂಕಿಗೆ ಬೀಳುತ್ತಾರೆ. ತಕ್ಕ ಮಾತ್ರೆಗಳನ್ನು 7 ದಿವಸ ಕೊಡುವದು ಒಳ್ಳೇದೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಸಲಹೆ ಮಾಡಿತು. ಒಂದು ಸೀಸೆ ಮೂತ್ರದ ಪರೀಕ್ಷೆ, ಒಂದು ವಾರದ ಮಾತ್ರೆ, ಬೇಕಾದದ್ದು ಇಷ್ಟೇ. ನೋವಿಲ್ಲದ ರೋಗವನ್ನು ತಾಯಿಯು ತಾನಾಗಿ ತಿಳಿಯುವದು ಹೇಗೆ? ಯಾರಾದರೂ ಅವಳಿಗೆ ಮುಂಚಿತವಾಗಿ ಹೇಳಲೇಬೇಕು.

ನಮ್ಮ ಕೊಡಗಿನ ಬಾಳಿಗೆ ಹತ್ತರವಾಗಿರುವ ಬೇರೆ ದಾರಿಗಳೂ ಉಂಟು. ಹಟ್ಟಿಯಲ್ಲಿ ದನವು ಕಂದು ಹಾಕಿದರೆ ಅದನ್ನು ಬಳಿದು ಹಾಕುವವರು ಹೆಚ್ಚಾಗಿ ಹೆಂಗಸರೇ. ದನಗಳಲ್ಲಿ ಕಂದು ಹಾಕಿಸುವ ಒಂದು ಸೂಕ್ಷ್ಮಾಣುವನ್ನು ಡೆನ್ಮಾರ್ಕ್ ದೇಶದ ಬಾಂಗ್ ಎಂಬ ವೈದ್ಯನು 1897ರಲ್ಲಿ ಗುರುತಿಸಿದನು. ಅದು ಬ್ರೂಸೆಲ್ಲಾ ಜಾತಿಗೆ ಸೇರಿದ್ದು. ಆ ಮಾಸನ್ನೂ ರಕ್ತವನ್ನೂ ಬರಿಗೈಯಿಂದ ಮುಟ್ಟಿದರೆ, ಇಲ್ಲವೆ ಅಂಥಾ ದನದ ಹಾಲನ್ನು ಕಾಯಿಸದೆ ಕುಡಿದರೆ, ಅದು ಮನುಷ್ಯರಿಗೂ ಅಂಟುತ್ತದೆ. ಬಂದುಹೋಗುವ ಜ್ವರ, ಕೀಲುನೋವು, ರಾತ್ರಿಯ ಬೆವರು ಇವು ಅದರ ಗುರುತುಗಳು; ಗರ್ಭಿಣಿಗೆ ಗರ್ಭಪಾತವೂ ಆಗಬಹುದು. ಹಾಲನ್ನು ಚೆನ್ನಾಗಿ ಕುದಿಸಿದರೆ ಅದು ಸಾಯುತ್ತದೆ. ಸರಕಾರವು 2019ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳಿನ ಹೆಣ್ಣು ಕರುಗಳಿಗೆ ಇದರ ಚುಚ್ಚುಮದ್ದನ್ನು ಹಾಕುತ್ತಾರೆ. ಬಸುರಿ ಇರುವ ಮನೆಯಲ್ಲಿ ಹಟ್ಟಿಯ ಈ ಕೆಲಸವನ್ನು ಗಂಡಸರು ಕೈಗೆ ಚೀಲವಾದರೂ ಸುತ್ತಿಕೊಂಡು ಮಾಡಲಿ. ಅದರಿಂದ ಅವರ ಮರ್ಯಾದೆಯೇನೂ ಹೋಗದು.

ಮಳೆಗಾಲದ ನಾಟಿಯ ಮಾತು ಬೇರೆ. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣುವು ಗದ್ದೆಯ ನೀರಿನಲ್ಲಿ ಸೇರಿ, ಕಾಲಿನ ಗೀರಿನೊಳಗಿಂದ ಮೈಗೆ ಹೊಗುತ್ತದೆ. ಇದಕ್ಕೆ ಇಲಿಜ್ವರವೆಂದು ಹೆಸರು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಕುಸಿದ ಅದೇ ಮಳೆಯಲ್ಲಿ ಪಕ್ಕದ ಕೇರಳವು ನೆರೆಯಲ್ಲಿ ಮುಳುಗಿತು. ನೀರು ಇಳಿದ ಮೇಲೆ ಈ ಜ್ವರವು ಅಲ್ಲಿ ಬಹಳ ಜನರನ್ನು ಹಿಡಿಯಿತು. ಮೀನಖಂಡದ ನೋವು, ಕಣ್ಣು ಕೆಂಪಾಗುವದು, ಜ್ವರ, ಕೆಲವರಿಗೆ ಕಾಮಾಲೆ ಇದರ ಗುರುತುಗಳು. ಗರ್ಭಿಣಿಗೆ ಬಂದರೆ ಕೂಸಿಗೂ ಅಪಾಯ. ಇತರರಿಗೆ ಕೊಡುವ ಮಾತ್ರೆಯನ್ನು ಗರ್ಭಿಣಿಯು ನೆರೆಮನೆಯವರಿಂದ ಕೇಳಿ ನುಂಗತಕ್ಕದ್ದಲ್ಲ. ಅವಳಿಗೆ ತಕ್ಕ ಔಷಧವನ್ನು ವೈದ್ಯರೇ ಆರಿಸಬೇಕು.

ಇನ್ನೊಂದು ದಾರಿಯ ವಿಷಯವಾಗಿ ಇಂಥಾ ಪತ್ರಿಕೆಗಳಲ್ಲಿ ಬರೆಯಲು ನಾಚುವದುಂಟು. ಆದರೆ ನಾಚಿಕೆಗೆ ಕೂಸುಗಳನ್ನು ಬಲಿಕೊಟ್ಟದ್ದು ಸಾಕಾಯಿತು. ಪರಂಗಿ ಹುಣ್ಣೆಂದು ಹಿರಿಯರು ಕರೆದ ಸಿಫಿಲಿಸ್ ರೋಗದ ಕಾರಣದಿಂದ 2016ನೆಯ ಒಂದೇ ವರುಷದಲ್ಲಿ ಲೋಕದಲ್ಲೆಲ್ಲಾ ಸುಮಾರು 1,43,000 ಕೂಸುಗಳು ಗರ್ಭದಲ್ಲಿಯೇ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಉಂಟು. ಈ ರೋಗವು ವರುಷಗಟ್ಟಳೆ ಯಾವ ಗುರುತನ್ನೂ ತೋರಿಸದೆ ಮೈಯಲ್ಲಿ ಅಡಗಿರಬಲ್ಲದು. ಒಂದು ತೊಟ್ಟು ರಕ್ತದಿಂದ ಅದನ್ನು ಕಂಡುಕೊಳ್ಳಬಹುದು. ಕಾಲಕ್ಕೆ ಸರಿಯಾಗಿ ಪೆನ್ಸಿಲಿನ್ ಚುಚ್ಚಿದರೆ ಹೆಚ್ಚುಕಡಿಮೆ ಎಲ್ಲಾ ಕೂಸುಗಳು ಉಳಿಯುತ್ತವೆ. ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಗೆ ಮಾಡತಕ್ಕ ಮೊದಲನೆಯ ಪರೀಕ್ಷೆಗಳಲ್ಲಿ ಇದೂ ಸೇರಿದೆ. ಆದರೆ ಅವಳ ರಕ್ತದಲ್ಲಿ ರೋಗ ಸಿಕ್ಕಿತೆಂದು ತಿಳಿದರೆ ಊರು ಯಾರನ್ನು ನೋಡುತ್ತದೆ? ಅವಳನ್ನೇ. ಪರೀಕ್ಷೆಗೆ ಕೈ ನೀಡಿದವಳು ಅವಳು ಒಬ್ಬಳೇ ಆದದರಿಂದ ಕಳಂಕವೂ ಅವಳದೇ ಆಗುತ್ತದೆ. ಗಂಡನು ಪರೀಕ್ಷೆಗೆ ಬರುವದಿಲ್ಲ, ಔಷಧ ತೆಗೆದುಕೊಳ್ಳುವದೂ ಇಲ್ಲ. ಗುಣಹೊಂದಿದ ಹೆಂಡತಿಗೆ ಅವನಿಂದ ರೋಗವು ತಿರಿಗಿ ಅಂಟುತ್ತದೆ. ಬಹಳ ಮನೆಗಳಲ್ಲಿ ಅದನ್ನು ಒಳಗೆ ತಂದವನು ಅವನೇ ಎಂದು ಹೇಳಿದರೆ ನಮ್ಮ ಹಿರಿಯರಿಗೆ ಕೋಪ ಬರಬಹುದು. ಬರಲಿ.

ಈಗ ಆ ಪ್ರಶ್ನೆಗೆ ತಿರಿಗಿ ಬರುವೆನು. ಕಾರಣ ಬೇರೆ, ದೋಷ ಬೇರೆ. ಅವಳು ನೀರು ಕುಡಿಯದೆ ಇದ್ದದ್ದು ಸೋಂಕಿಗೆ ನೆರವಾದ ಕಾರಣಗಳಲ್ಲಿ ಒಂದಾಗಿರಬಹುದು. ಅಷ್ಟರಿಂದ ದೋಷವು ಅವಳದಾಗುತ್ತದೋ? ಈ ಎರಡನ್ನು ಬೆರಸಿದರೆ ಏನಾಗುತ್ತದೆಂಬದಕ್ಕೆ ದೂರದ ಎರಡು ಊರುಗಳ ಚರಿತ್ರೆಯನ್ನು ಹೇಳುತ್ತೇನೆ. ಅದು ಗರ್ಭದ ಸೋಂಕಿನದಲ್ಲ, ಹೆರಿಗೆಯಾದ ಮೇಲೆ ಬರುವ ಬಾಣಂತಿ ಜ್ವರದ್ದು. ಆದರೂ ಸೂಕ್ಷ್ಮಾಣುಗಳ ಕೆಲಸವೇ.

ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಕೆಲಸ ಮಾಡುತ್ತಿದ್ದರು. ವೈದ್ಯರ ವಿಭಾಗದಲ್ಲಿ 1846ರಲ್ಲಿ 100 ತಾಯಂದಿರಲ್ಲಿ 11 ಮಂದಿ ಸತ್ತರು. ಸೂಲಗಿತ್ತಿಯರ ಕಡೆ ಅದಕ್ಕಿಂತ ಎಷ್ಟೋ ಕಡಿಮೆ. ಹೆಣಗಳನ್ನು ಕೊಯ್ದು ನೋಡಿದ ಕೈಯಿಂದಲೇ ವಿದ್ಯಾರ್ಥಿಗಳು ಗರ್ಭಿಣಿಯರನ್ನು ಪರೀಕ್ಷಿಸುತ್ತಾರೆ, ವಿಷವು ಆ ಕೈಯಲ್ಲಿ ಬರುತ್ತದೆ, ಎಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ ಕಂಡುಕೊಂಡು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅಪ್ಪಣೆಮಾಡಿದನು. 1848ರಲ್ಲಿ ಸಾವು 100ಕ್ಕೆ 1ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರವಾಯಿತು. ಇಷ್ಟಾದರೂ ದೊಡ್ಡ ವೈದ್ಯರಲ್ಲಿ ಅನೇಕರು ಅವನನ್ನು ನಂಬಲಿಲ್ಲ. ನಂಬಿದರೆ, ಇಷ್ಟು ವರುಷ ತಾಯಂದಿರನ್ನು ಕೊಂದದ್ದು ತಮ್ಮ ಕೈಗಳೇ ಎಂದು ಒಪ್ಪಬೇಕಾಗುತ್ತಿತ್ತು. ಅವನಾದರೋ ಕಡೆಗೆ ಬೇಸತ್ತು, ಅವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಬರೆದನು. ಅದರಿಂದ ಅವರ ಮನಸ್ಸು ಕರಗಲಿಲ್ಲ; ಇನ್ನೂ ಕಲ್ಲಾಯಿತು. ಅವನು 1865ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ತೀರಿಕೊಂಡನು.

ಜರ್ಮನಿಯ ಕೀಲ್ ಪಟ್ಟಣದಲ್ಲಿ ಮಿಖಾಯೆಲಿಸ್ ಎಂಬ ಒಬ್ಬ ವೈದ್ಯನಿದ್ದನು. ಅವನು ನಂಬಿದನು. ಕೈ ತೊಳೆಯುವ ಪದ್ಧತಿಯನ್ನು ಕೂಡಲೆ ತನ್ನ ಆಸ್ಪತ್ರೆಗೆ ತಂದನು. ಆದರೆ ಅವನ ಬಂಧುವಾದ ಒಬ್ಬ ಸ್ತ್ರೀಯು ಅವನೇ ಹೆರಿಗೆ ಮಾಡಿಸಿದ ಮೇಲೆ ಬಾಣಂತಿ ಜ್ವರದಿಂದ ಸತ್ತಿದ್ದಳು. ಅವಳನ್ನು ಕೊಂದವನು ತಾನೇ ಎಂಬ ಯೋಚನೆಯನ್ನು ಅವನು ತಾಳಲಾರದೆ 1848ರ ಆಗಸ್ಟಿನಲ್ಲಿ ರೈಲಿನ ಕೆಳಗೆ ಬಿದ್ದು ಪ್ರಾಣಬಿಟ್ಟನು.

ಈ ಇಬ್ಬಗೆಯವರನ್ನು ನಾನು ಬಹಳ ಸಾರಿ ಯೋಚಿಸಿದ್ದೇನೆ. ತಿಳುವಳಿಕೆಯನ್ನು ಅಪರಾಧದ ತೀರ್ಪಿನಂತೆ ಕೇಳಿದವರಲ್ಲಿ ಕೆಲವರು ಕಿವಿ ಮುಚ್ಚಿಕೊಂಡರು, ಒಬ್ಬನು ಮುರಿದುಹೋದನು. ಕಿವಿ ಮುಚ್ಚಿಕೊಂಡವರ ಆಸ್ಪತ್ರೆಗಳಲ್ಲಿ ತಾಯಂದಿರು ಸಾಯುತ್ತಲೇ ಹೋದರು. ಮುರಿದವನೋ, ಇನ್ನೆಷ್ಟೋ ತಾಯಂದಿರನ್ನು ಉಳಿಸಬಲ್ಲವನಾಗಿದ್ದನು. ನಮ್ಮ ಲೈನು ಮನೆಗಳಲ್ಲಿ ಕಿವಿ ಮುಚ್ಚಿಕೊಳ್ಳುವವರು ಉಳಿದ ನಾವೆಲ್ಲರು. ಮುರಿಯುವವಳು ಕೂಸು ಕಳಕೊಂಡ ತಾಯಿ.

ಹಾಗಾದರೆ ಹೇಳದೆ ಇರುವದೇ ಒಳ್ಳೇದಲ್ಲವೋ ಎಂದು ಕೆಲವರು ಅನ್ನುವದುಂಟು. ಬಸುರಿಗೆ ಭಯದ ಮಾತು ಆಗದು, ಒಳ್ಳೇದನ್ನೇ ನೋಡಬೇಕು, ಒಳ್ಳೇದನ್ನೇ ಕೇಳಬೇಕೆಂಬದು ನಮ್ಮ ಅಜ್ಜಿಯರ ಮಾತು. ಅದರಲ್ಲಿ ಪ್ರೀತಿ ಉಂಟು. ಆದದರಿಂದ ಅದನ್ನು ಹೀಯಾಳಿಸಲಾರೆನು. ಆದರೆ ಕಾಡಂಚಿನ ದಾರಿಯಲ್ಲಿ ಆನೆ ನಿಂತಿರುವದನ್ನು ಕಂಡವನು, ಎದುರು ಬರುವ ಬಸುರಿಗೆ ಭಯವಾದೀತೆಂದು ಬಾಯಿ ಮುಚ್ಚಿಕೊಂಡು ಹೋಗುವನೋ? ಹೇಳುತ್ತಾನೆ, ಹೇಳಿ ಜೊತೆಯಲ್ಲಿ ಬೇರೆ ದಾರಿಯಿಂದ ಮನೆಯ ತನಕ ಬಿಟ್ಟು ಬರುತ್ತಾನೆ. ಹೇಳಿದ ಮೇಲೆ ಜೊತೆಗೆ ನಡೆಯದೆ ಇರುವದರಿಂದಲೇ ನಮ್ಮ ಮಾತು ಬರೇ ಭಯವಾಗುತ್ತದೆ. ಜ್ವರ ಬಂದರೆ ಕಷಾಯಕ್ಕೆ ಕಾಯಬೇಡವೆಂದು ಹೇಳುವವರು ಜೀಪಿನ ಬಾಡಿಗೆಯನ್ನೂ ಗೊತ್ತುಮಾಡಿ ಇಡಬೇಕು.

ಅವಳು ನೀರು ಕುಡಿಯದೆ ಇದ್ದದ್ದು ಯಾಕೆಂದು ನಾನು ಆ ದಿವಸ ಕೇಳಿದೆನು. ಉತ್ತರವು ಸುಲಭವಾಗಿತ್ತು. ಕೊಯ್ಯುವ ತಾಕಿನ ಹತ್ತರ ಪಾಯಿಖಾನೆ ಇಲ್ಲ. ಗಂಡಸರೂ ಹೆಂಗಸರೂ ಕೂಡಿ ಕೊಯ್ಯುತ್ತಾರೆ. ದೂರ ಹೋದರೆ ಹೊತ್ತಾಗುತ್ತದೆ. ಕೂಲಿ ಕೊಡುವದು ಹಣ್ಣಿನ ತೂಕಕ್ಕೆ. ನೀರು ಕುಡಿಯದೆ ಇದ್ದರೆ ಹೋಗಬೇಕಾಗುವದಿಲ್ಲ. ಬೆಳಗಿನ ಎಂಟು ಗಂಟೆಯಿಂದ ಸಾಯಂಕಾಲದ ವರೆಗೆ ಬಾಯಿ ಒಣಗಿಸಿಕೊಳ್ಳುವದನ್ನು ಅವಳು ಹದಿನಾರನೆಯ ವಯಸ್ಸಿನಲ್ಲಿಯೇ ತನ್ನ ತಾಯಿಯಿಂದ ಕಲಿತಿದ್ದಳು. ತೋಟಗಳಲ್ಲಿ ಕುಡಿಯುವ ನೀರನ್ನೂ, ಹೆಂಗಸರಿಗೆ ಬೇರೆ ಪಾಯಿಖಾನೆಯನ್ನೂ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯು ಧಣಿಗಳಿಗೆ ವಿಧಿಸಿತು. ಆದರೆ ಅದು ದೊಡ್ಡ ತೋಟಗಳ ಕಾಯಿದೆ. ಕೊಡಗಿನ ಸಣ್ಣ ತೋಟಗಳು ಬಹಳವಾಗಿ ಅದರ ಹೊರಗೇ ಉಳಿದವು. ನಮ್ಮ ಸಭೆಗಳಲ್ಲಿ ಕೂಲಿಯವರು ಇರುವಂತೆ ಒಂದೆರಡು ಎಕ್ರೆಯ ತೋಟವುಳ್ಳವರೂ ಮೇಸ್ತ್ರಿಗಳೂ ರೈಟರುಗಳೂ ಉಂಟು. ನಾಲ್ಕು ತಗಡು, ಒಂದು ಗುಂಡಿ, ಒಂದು ಕೊಡ ಕುದಿಸಿದ ನೀರು, ಇದಕ್ಕೆ ಕಾಯಿದೆ ಬರುವ ತನಕ ಕಾಯಬೇಕೋ? ಅವಳಿಗೆ ನೀರು ಕುಡಿಯೆಂದು ಬೋಧಿಸುವದು ನಮಗೆ ಖರ್ಚಿಲ್ಲದ ಧರ್ಮ.

ಆದದರಿಂದ ನಾನು ಅವಳಿಗೆ ಹೀಗೆ ಹೇಳಿದೆನು: “ಇಲ್ಲಮ್ಮಾ, ನಿನ್ನಿಂದ ಹೋದದ್ದಲ್ಲ. ಅದಕ್ಕೆ ಕಾರಣ ಉಂಟು, ಅದನ್ನು ನಿನಗೆ ತಿಳಿಸಿದರು, ಅದು ನಿಜವೇ. ಆದರೆ ನಿನಗೆ ಅದನ್ನು ಮುಂಚೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ತಾಕಿನಲ್ಲಿ ನೀನು ಏನು ಮಾಡಬಹುದಾಗಿತ್ತು? ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬಳು.” ಅವಳು ಬಹಳ ಹೊತ್ತು ಅತ್ತಳು. ಒಳಗಿನಿಂದ ಅತ್ತೆಯೂ ಬಂದು ಕೂತಳು. ಮೂರು ದಿವಸ ಕಷಾಯ ಕೊಟ್ಟವಳು ತಾನಲ್ಲವೋ ಎಂದು ಆ ಮುದುಕಿಯೂ ಒಳಗೊಳಗೇ ಬೇಯುತ್ತಿದ್ದಳೆಂದು ನನಗೆ ಆಗಲೇ ತಿಳಿದದ್ದು. ಸತ್ತು ಹುಟ್ಟಿದ ಕೂಸಿನ ಹೆಸರು ನಮ್ಮ ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಬರುವದಿಲ್ಲ. ಆ ಸಾಯಂಕಾಲ ಅವಳು ಇಡಬೇಕೆಂದಿದ್ದ ಹೆಸರನ್ನು ನನಗೆ ಹೇಳಿದಳು.

ಅವಳು ಈಗ ತಿರಿಗಿ ಬಸುರಿ. ಮೂರನೆಯ ತಿಂಗಳು ತುಂಬುವದಕ್ಕೆ ಮುಂಚೆಯೇ ಆಶಾ ಕಾರ್ಯಕರ್ತೆಯು ಅವಳ ಹೆಸರನ್ನು ಬರಸಿ ತಾಯಿ ಕಾರ್ಡನ್ನು ಕೊಡಿಸಿದಳು. 2016ರಿಂದ ಪ್ರತಿ ತಿಂಗಳಿನ 9ನೆಯ ತಾರೀಕಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಧರ್ಮಾರ್ಥವಾಗಿ ಪರೀಕ್ಷಿಸುವ ಏರ್ಪಾಡು ಉಂಟು. ಆ ದಿವಸ ಅವಳ ಗಂಡನೂ ಕೂಲಿ ಬಿಟ್ಟು ಜೊತೆಗೆ ಹೋಗುತ್ತಾನೆ. ಮೊದಲನೆಯ ಸಲ ಅವನೂ ರಕ್ತ ಕೊಟ್ಟು ಬಂದನು. ಮೂತ್ರದಲ್ಲಿ ಸೂಕ್ಷ್ಮಾಣು ಉಂಟೋ ಎಂದು ನೋಡುವ ಪರೀಕ್ಷೆಯನ್ನು ಮಾಡಬೇಕೆಂದು ಕೇಳಿದವಳು ಅವಳೇ. ಜ್ವರ, ಉರಿಮೂತ್ರ, ಬೆನ್ನಿನ ನೋವು, ದುರ್ಗಂಧದ ಬಿಳಿ ಹೋಗುವದು, ಕಾಲಕ್ಕೆ ಮುಂಚೆ ನೀರು ಸೋರುವದು, ಕೂಸಿನ ಒದೆತ ಕಡಿಮೆಯಾಗುವದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಹೊರಡಬೇಕೆಂದು ಅತ್ತೆಗೆ ಬಾಯಿಪಾಠವಾಗಿದೆ. ಅವಳು ಈಗಲೂ ಕಷಾಯ ಮಾಡುತ್ತಾಳೆ. ಆದರೆ ಜೀಪಿನವನಿಗೆ ಫೋನು ಮಾಡಿಸಿದ ಮೇಲೆ. ತೋಟದ ಸಾಹುಕಾರರು ಮೇಲಿನ ತಾಕಿನ ಹತ್ತರ ತಗಡಿನ ಪಾಯಿಖಾನೆಯೊಂದನ್ನು ಕಟ್ಟಿಸಿದ್ದಾರೆ, ಕೆಳಗಿನ ತಾಕಿಗೆ ಇನ್ನೂ ಇಲ್ಲ. ಅವಳಿಗೆ ಎಂಟನೆಯ ತಿಂಗಳು ನಡೆಯುತ್ತದೆ.